ಯಾರಿಗೂ ಹೇಳ್ಬೇಡ ಅಂತ ಇಸ್ಕೊಂಡ ಸಾಲ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಇರುವುದು ಆರು ಜನ. ಜೂಜಾಡಿ ಕೈ ಖಾಲಿ ಮಾಡಿಕೊಂಡವನು, ಅವನ ಹೆಂಡತಿ, ಅವನಿಗೆ ಕೈಗಡ ಕೊಟ್ಟ ನಾಲ್ವರು. ನನ್ನನ್ನು ಅವನು ಸಾಲ ಕೇಳಿರಲಿಲ್ಲ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ಕೇಳಿದರೆ ನಾನು ಹತ್ತು ಪ್ರಶ್ನೆ ಎದುರು ಕೇಳುತ್ತೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ಕೈಮೀರಿದ ಮೇಲೆ ಹಾಳೆ ಪೆನ್ನು ಹಿಡಿದು ಕೂರೋಕೆ ಒಬ್ಬರು ಬೇಕಾಯಿತು. ಆಗ ನನ್ನನ್ನು ಕರೆದರು.

ಅವನ ಮತ್ತು ಅವನ ಹೆಂಡತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮೊತ್ತವನ್ನೂ ಹಣದ ಲೆಕ್ಕದಲ್ಲಿ ಹೇಳುವುದಿಲ್ಲ, ಸಂಬಳದ ಲೆಕ್ಕದಲ್ಲಿ ಹೇಳುತ್ತೇನೆ. ‘2 ಸಂಬಳ’ ಅಂದರೆ ಅವನು ಎರಡು ತಿಂಗಳು ದುಡಿದರೆ ಬರುವಷ್ಟು. ಹೀಗೆ ಹೇಳಿದರೆ ಸಾಲ ಎಷ್ಟು ದೊಡ್ಡದು ಅನ್ನುವುದು ಯಾರಿಗಾದರೂ ಸಲೀಸಾಗಿ ಅರ್ಥವಾಗುತ್ತದೆ.

ಕೊಟ್ಟವರನ್ನು ಸಹೋದ್ಯೋಗಿ, ಕಾಲೇಜು ಗೆಳೆಯ, ಗೆಳತಿ, ಪಕ್ಕದ ಮನೆಯವರು ಅಂತ ಕರೆಯುತ್ತೇನೆ. ಆಡಿದವನನ್ನು ಸುಮ್ನೆ ‘ಅವನು’ ಅನ್ನುತ್ತೇನೆ.

ಕೇಳಿದ ರೀತಿ

ಮೊದಲು ಕೇಳಿದ್ದು ಸಹೋದ್ಯೋಗಿಯನ್ನು. ಅರ್ಧ ಸಂಬಳ, ಒಂದು ವಾರದ ಮಟ್ಟಿಗೆ. ಮನೆ ಬಾಡಿಗೆ ಕಟ್ಟಬೇಕು, ಬ್ಯಾಂಕ್ ಖಾತೆಯಲ್ಲಿ ಏನೋ ತೊಂದರೆ ಆಗಿದೆ ಅಂದಿದ್ದ. ವಾರ ತುಂಬುವ ಮೊದಲೇ ಹಣ ವಾಪಸ್ ಬಂತು. ಜೊತೆಗೆ ಎರಡು ಸಾಲಿನ ಥ್ಯಾಂಕ್ಸ್ ಕೂಡ. ಸಹೋದ್ಯೋಗಿಗೆ ಖುಷಿಯಾಯಿತು. ಕೈಗಡ ಕೊಟ್ಟರೆ ಹೇಳಿದ ದಿನಕ್ಕೆ ವಾಪಸ್ ಕೊಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಆ ಹಣ ಕಾಲೇಜು ಗೆಳೆಯನದ್ದು. ಹಿಂದಿನ ದಿನ ರಾತ್ರಿ ಅವನಿಂದ 1 ಸಂಬಳ ಇಸ್ಕೊಂಡು, ಅರ್ಧ ಸಹೋದ್ಯೋಗಿಗೆ ಕೊಟ್ಟು, ಉಳಿದರ್ಧ ಆಡಿದ್ದ. ಒಬ್ಬರ ಟೋಪಿ ಇನ್ನೊಬ್ಬರಿಗೆ ಹಾಕುವುದು ಅನ್ನುತ್ತೇವಲ್ಲ, ಅದೇ. ಆದರೆ ಇದರಿಂದ ಅವನಿಗೆ ಸಿಕ್ಕಿದ್ದು ಬರೀ ಹಣವಲ್ಲ, ಒಳ್ಳೆಯ ಹೆಸರು. ಪಕ್ಕದ ಮನೆಯವರು ಕೊಡೋದೋ ಬೇಡವೋ ಅಂತ ಯೋಚಿಸುತ್ತಿದ್ದಾಗ, ‘ಮಾತಿಗೆ ತಪ್ಪುವ ಮನುಷ್ಯ ಅಲ್ಲ’ ಅಂತ ಧೈರ್ಯ ಹೇಳಿದ್ದು ಇದೇ ಸಹೋದ್ಯೋಗಿ. ಇಬ್ಬರಿಗೂ ಮುಖಪರಿಚಯ ಇತ್ತು. ಸಹೋದ್ಯೋಗಿ ತಾನು ನೋಡಿದ್ದನ್ನೇ ಹೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ನಾಲ್ವರ ಫೋನುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಗಂಡಸರಿಗೆ ಕಳಿಸಿದ ಮೆಸೇಜುಗಳ ಶುರು ಒಂದೇ ಥರ: ‘ಮಗಾ, ಎದ್ದಿದ್ದೀಯಾ?’ ಪಕ್ಕದ ಮನೆಯವರಿಗಾದರೆ ‘ಸರ್, ಮಲಗಿದ್ರಾ?’ ಎಲ್ಲ ಬಂದದ್ದು ರಾತ್ರಿ ಹನ್ನೊಂದರ ನಂತರ. ಆಮೇಲೆ, ‘ಒಂದು ಸಣ್ಣ ಹೆಲ್ಪ್ ಬೇಕಿತ್ತು, ಬೇಜಾರಿಲ್ಲ ಅಂದ್ರೆ ಕೇಳ್ತೀನಿ.’ ಆಮೇಲೆ ಮೊತ್ತ. ಆಮೇಲೆ, ‘ಈಗಲೇ ಹಾಕೋಕಾಗುತ್ತಾ? ಬೆಳಗ್ಗೆ ಆದ್ರೆ ಕೆಲಸ ಕೆಡುತ್ತೆ.’ ಕೊನೆಗೆ ಎಲ್ಲರಿಗೂ ತಪ್ಪದೆ ಬಂದ ಸಾಲು, ‘ಯಾರಿಗೂ ಹೇಳ್ಬೇಡ ಪ್ಲೀಸ್.’

ಕಾರಣಗಳು ಮಾತ್ರ ಬೇರೆ ಬೇರೆ. ಸಹೋದ್ಯೋಗಿಗೆ ಬಾಡಿಗೆ. ಪಕ್ಕದ ಮನೆಯವರಿಗೆ ಗಾಡಿ ರಿಪೇರಿ. ಗೆಳತಿಗೆ ತಾಯಿಯ ಆಸ್ಪತ್ರೆ ಖರ್ಚು. ರಾತ್ರಿ ಹನ್ನೊಂದೂವರೆಗೆ ಬಾಡಿಗೆ ಕಟ್ಟಿಸಿಕೊಳ್ಳುವ ಮನೆ ಮಾಲೀಕ, ಆ ಹೊತ್ತಿನಲ್ಲಿ ತೆರೆದಿರುವ ಗ್ಯಾರೇಜು ಎಲ್ಲಿದೆ ಅಂತ ಒಬ್ಬರೂ ಯೋಚಿಸಲಿಲ್ಲ. ಅದರಲ್ಲಿ ಅವರ ತಪ್ಪಿದೆ ಅಂತ ನನಗೆ ಅನಿಸುವುದಿಲ್ಲ. ಕಷ್ಟ ಅಂತ ಬಂದ ಗೆಳೆಯನ ಬಾಯಿಗೆ ಗಡಿಯಾರ ಹಿಡಿದು ಯಾರು ನೋಡುತ್ತಾರೆ?

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನಿಸಿದ್ದು ಕಾಲೇಜು ಗೆಳೆಯನ ವಿಷಯ. ಅವನ ಹತ್ತಿರ ಎರಡನೇ ಸಲ ಕೇಳುವಾಗ ಸುಳ್ಳು ಹೇಳಲೇ ಇಲ್ಲ. ‘ಆನ್‌ಲೈನ್‌ನಲ್ಲಿ ಆಡಿ ಕಳ್ಕೊಂಡಿದ್ದೀನಿ ಕಣೋ. ಇದೊಂದು ಸಲ ತೀರಿಸಿಬಿಟ್ರೆ ಮತ್ತೆ ಮುಟ್ಟಲ್ಲ’ ಅಂತ ಅತ್ತಿದ್ದ. ನಾಲ್ವರಲ್ಲಿ ನಿಜ ಗೊತ್ತಿದ್ದವನು ಇವನೊಬ್ಬನೇ, ಎಲ್ಲರಿಗಿಂತ ಜಾಸ್ತಿ ಕೊಟ್ಟವನೂ ಇವನೇ. ನಿಜ ಹೇಳಿದ್ದಾನಲ್ಲ, ಇನ್ನು ಸರಿಹೋಗುತ್ತಾನೆ ಅಂದುಕೊಂಡ. ಅವನು ಹೇಳಿದ್ದು ಅರ್ಧ ನಿಜ. ಆಡಿದ್ದನ್ನು ಒಪ್ಪಿಕೊಂಡಿದ್ದ, ಬೇರೆ ಯಾರ ಹತ್ತಿರ ಎಷ್ಟು ತೆಗೆದುಕೊಂಡಿದ್ದೇನೆ ಅನ್ನುವುದನ್ನು ಬಾಯಿ ಬಿಟ್ಟಿರಲಿಲ್ಲ.

ಹಣ ಹೋದ ದಾರಿ

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಸಾಲ ಬಂದ ತಾರೀಖುಗಳ ಪಕ್ಕ ಇಟ್ಟು ನೋಡಿದರೆ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಕಾಲೇಜು ಗೆಳೆಯ ಕಣ್ಣೀರು ನೋಡಿ ಹಾಕಿದ್ದು 2 ಸಂಬಳ. ಬಂದದ್ದು ರಾತ್ರಿ 9:40ಕ್ಕೆ. 10:05ಕ್ಕೆ ಅದರ ಕಾಲು ಭಾಗ ಆಟದ ಖಾತೆಗೆ ಹೋಗಿದೆ. 10:50ಕ್ಕೆ ಇನ್ನೊಂದು ಕಾಲು. 11:30ಕ್ಕೆ ಉಳಿದ ಅರ್ಧ, ಒಂದೇ ಏಟಿಗೆ. ಆಮೇಲೆ ಸಣ್ಣ ಸಣ್ಣ ಮೊತ್ತಗಳು, ಅವನ ಸ್ವಂತ ಸಂಬಳದಲ್ಲಿ ಉಳಿದಿದ್ದ ಚಿಲ್ಲರೆ. ಕೊನೆಯದು ಬೆಳಗಿನ ಜಾವ 2:10ಕ್ಕೆ. ಯಾವ ಸಾಲ ತೀರಿಸುತ್ತೇನೆ ಅಂತ ಅತ್ತಿದ್ದನೋ, ಆ ಸಾಲಕ್ಕೆ ಅವತ್ತು ಒಂದು ಬಿಡಿಗಾಸೂ ಹೋಗಿರಲಿಲ್ಲ.

‘ಕೇಳುವಾಗ ತೀರಿಸೋಕೇ ಕೇಳಿದ್ದು’ ಅಂತ ಅವನು ಈಗಲೂ ಹೇಳುತ್ತಾನೆ. ನಾನು ನಂಬುತ್ತೇನೆ. ಹಣ ಕೈಗೆ ಬಂದ ಮೇಲೆ ಲೆಕ್ಕ ಬದಲಾಯಿತು. 2 ಸಂಬಳ ಕೊಟ್ಟರೆ ಒಟ್ಟು 16 ಸಂಬಳದ ಸಾಲದಲ್ಲಿ 14 ಉಳಿಯುತ್ತದೆ. ಅದೇ 2 ಸಂಬಳವನ್ನು ಆಡಿ ಬೆಳೆಸಿದರೆ ಎಲ್ಲ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಳೆದುಕೊಂಡದ್ದನ್ನು ಕಳೆದುಕೊಂಡೆ ಅಂತ ಮನಸ್ಸಿನಲ್ಲಿ ಒಪ್ಪಿಕೊಳ್ಳದ ಮನುಷ್ಯ, ಬೇರೆ ಹೊತ್ತಿನಲ್ಲಿ ಕಣ್ಣೆತ್ತಿಯೂ ನೋಡದ ಪಣಕ್ಕೆ ಒಪ್ಪಿಬಿಡುತ್ತಾನೆ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಆ ರಾತ್ರಿ 11:30ರ ಸಾಲು ಅದಕ್ಕೆ ಸರಿಯಾದ ಉದಾಹರಣೆ.

ಅವನು ಆಡುತ್ತಿದ್ದದ್ದು ಹೆಚ್ಚಾಗಿ ಒಂದೇ ಸೊನ್ನೆ ಇರುವ ರೂಲೆಟ್. ತಿರುಗುವ ಚಕ್ರದಲ್ಲಿ ಗುಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ಪಣ ಕಟ್ಟುವ ಆಟ. ಅದರಲ್ಲಿ 37 ಮನೆ. 18 ಕೆಂಪು, 18 ಕಪ್ಪು, 1 ಸೊನ್ನೆ. ಆ ಒಂದು ಸೊನ್ನೆಯಿಂದಲೇ ಆಡಿಸುವವನಿಗೆ ಪ್ರತಿ ಪಣದ ಮೇಲೂ ಸರಾಸರಿ ಶೇಕಡಾ 2.7 ಉಳಿಯುತ್ತದೆ. ‘2.7 ಅಷ್ಟೇನಾ?’ ಅಂದರು ಪಕ್ಕದ ಮನೆಯವರು. ಒಂದು ಸಲಕ್ಕೆ ಅಷ್ಟೇ. ಆದರೆ ಅದೇ ಹಣ ಒಂದು ರಾತ್ರಿಯಲ್ಲಿ ನೂರಾರು ಸಲ ಸುತ್ತುತ್ತದೆ, ಸುತ್ತಿದಷ್ಟು ಸಲವೂ ಕಡಿತ.

ಅವನ ಯೋಜನೆಯನ್ನೇ ಲೆಕ್ಕ ಹಾಕಿ ತೋರಿಸಿದೆ. 1 ಸಂಬಳ ಇಟ್ಟು, ದುಪ್ಪಟ್ಟು ಮಾಡುತ್ತಾ ಹೋಗಿ, 16 ಸಂಬಳ ಆಗಬೇಕಾದರೆ ಕೆಂಪು ಕಪ್ಪಿನ ಪಣದಲ್ಲಿ ನಾಲ್ಕು ಸಲ ಸಾಲಾಗಿ ಗೆಲ್ಲಬೇಕು. ಆ ಸಾಧ್ಯತೆ ಸುಮಾರು 18ರಲ್ಲಿ 1. ಅಂದರೆ ಒಂದು ಸಲ 16 ಸಂಬಳ ಸಿಗುವ ಹೊತ್ತಿಗೆ, ಸರಾಸರಿಯಲ್ಲಿ 17 ಸಂಬಳ ಹೋಗಿರುತ್ತದೆ. ಅವನು ಇದನ್ನು ಗಮನವಿಟ್ಟು ಕೇಳಿದ. ತಲೆಯೂ ಆಡಿಸಿದ. ‘ಆದ್ರೆ ಒಂದ್ಸಲ ಮೂರರವರೆಗೆ ಬಂದಿದ್ದೆ’ ಅಂದ. ಗಣಿತ ಹೇಳಿಕೊಟ್ಟರೆ ಜೂಜು ಬಿಡುತ್ತಾರೆ ಅಂತ ಯಾರಾದರೂ ನಂಬಿದ್ದರೆ, ಆ ‘ಮೂರರವರೆಗೆ’ ಅನ್ನುವಾಗ ಅವನ ಮುಖ ನೋಡಬೇಕಿತ್ತು.

ಆರು ಸಲ ಕೆಂಪು ಬಂದ ಮೇಲೆ ಕಪ್ಪು ಬರಲೇಬೇಕು ಅನ್ನುವ ನಂಬಿಕೆಯೂ ಅವನಿಗಿತ್ತು. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ಒಂದೇ ಚಕ್ರದಲ್ಲಿ ಸಾಲಾಗಿ 26 ಸಲ ಕಪ್ಪು ಬಂತು. ಇನ್ನೇನು ಕೆಂಪು ಬಂತು ಅಂತ ಪಣ ಏರಿಸುತ್ತಾ ಹೋದವರು ಅವತ್ತು ಮುಳುಗಿದರು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ, ಅಷ್ಟೇ.

ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅವನು ಗೆದ್ದದ್ದೂ ಉಂಟು, ಒಂದು ಸಲ 5 ಸಂಬಳದಷ್ಟು. ಬ್ಯಾಂಕಿಗೆ ವಾಪಸ್ ಹಾಕಿ ಅಂತ ಕೋರಿಕೆ ಕೊಟ್ಟಿದ್ದ. ಅದು ಪಾಸಾಗಲು ಒಂದೆರಡು ದಿನ ಬೇಕು ಅಂದಿತ್ತು ಆ್ಯಪ್. ಆ ಒಂದೆರಡು ದಿನದಲ್ಲಿ ಕೋರಿಕೆ ರದ್ದು ಮಾಡುವ ಬಟನ್ ಕಣ್ಣೆದುರೇ ಇತ್ತು. ಒತ್ತಿದ, ಆಡಿದ, ಹೋಯಿತು. ಬ್ರಿಟನ್‌ನ ಜೂಜು ನಿಯಂತ್ರಣ ಆಯೋಗ ಆನ್‌ಲೈನ್ ಆಟಗಳಲ್ಲಿ ಈ ಬಟನ್ನನ್ನು 2021ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ವರ್ಷ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನೂ ನಿಲ್ಲಿಸಿತ್ತು. ಸಾಲದ ಹಣದಲ್ಲಿ ಆಡುವುದು ಎಷ್ಟು ಅಪಾಯ ಅನ್ನುವುದು ಸರ್ಕಾರಗಳಿಗೂ ಗೊತ್ತು ಅಂತಾಯಿತು. ಆದರೆ ಗೆಳೆಯನ ಜೇಬಿನಿಂದ ಬರುವ ಸಾಲಕ್ಕೆ ಯಾವ ಕಾನೂನು ಅಡ್ಡ ಬರುತ್ತದೆ?

ಹಾಳೆಯ ಮೇಲೆ ಬಂದದ್ದು

ಗುಟ್ಟು ಒಡೆದದ್ದು ಗೆಳತಿಯಿಂದ. ಅವಳು ಕೊಟ್ಟ 3 ಸಂಬಳದಲ್ಲಿ ಹೆಚ್ಚಿನದು ಅವಳ ಉಳಿತಾಯ ಅಲ್ಲ. ತಾಯಿಯ ಆಪರೇಷನ್ ಅಂದನಲ್ಲ, ಅದಕ್ಕಾಗಿ ತನ್ನ ಹೆಸರಿನಲ್ಲೇ ಬ್ಯಾಂಕಿನಿಂದ ಪರ್ಸನಲ್ ಲೋನ್ ತೆಗೆದುಕೊಟ್ಟಿದ್ದಳು. ಎರಡು ತಿಂಗಳು ಕಂತು ಅವನೇ ಕಟ್ಟಿದ. ಮೂರನೇ ತಿಂಗಳು ಫೋನ್ ಎತ್ತಲಿಲ್ಲ. ಅವಳು ಸೀದಾ ಮನೆಗೆ ಹೋದಳು. ಬಾಗಿಲು ತೆಗೆದದ್ದು ಅವನ ತಾಯಿ, ಆರೋಗ್ಯವಾಗಿ.

ಹಣ ಕಳೆದುಕೊಂಡ ಸುದ್ದಿ ಹೆಂಡತಿಗೆ ತಿಳಿದದ್ದು ಆ ಹೊಸ್ತಿಲಲ್ಲಿ. ಎರಡು ದಿನ ಬಿಟ್ಟು ಎಲ್ಲರೂ ಒಂದೆಡೆ ಕೂತೆವು. ಅಲ್ಲಿಯವರೆಗೆ ನಾಲ್ವರಿಗೂ ಅವನ ಕೈ ಹಿಡಿದು ನಿಂತಿರುವುದು ತಾನೊಬ್ಬನೇ ಅನ್ನುವ ಭಾವನೆ ಇತ್ತು. ಆ ಭಾವನೆಯೇ ಅವರ ಕೈ ಕಟ್ಟಿಹಾಕಿತ್ತು. ‘ನನ್ನನ್ನು ಬಿಟ್ಟರೆ ಅವನಿಗೆ ಯಾರಿದ್ದಾರೆ’ ಅಂತ ನಾಲ್ಕು ಜನ ನಾಲ್ಕು ಕಡೆ ಕೂತು ಯೋಚಿಸಿದ್ದರು.

ನಾನು ಈ ಪ್ರಕರಣದಿಂದ ಹೇಳಬೇಕು ಅಂತಿರುವುದು ಮುಖ್ಯವಾಗಿ ಇದನ್ನೇ. ಅವರು ಕೊಟ್ಟದ್ದು ಬರೀ ಹಣ ಆಗಿದ್ದರೆ ನಷ್ಟ ಇಷ್ಟು ಬೆಳೆಯುತ್ತಿರಲಿಲ್ಲ. ಹಣದ ಜೊತೆ ಗುಟ್ಟನ್ನೂ ಕೊಟ್ಟರು. ಸಹೋದ್ಯೋಗಿ ಒಂದೇ ಒಂದು ಸಲ ಕಾಲೇಜು ಗೆಳೆಯನಿಗೆ ‘ನಿನ್ನನ್ನೂ ಕೇಳಿದ್ನಾ?’ ಅಂತ ಕೇಳಿದ್ದರೆ ಸಾಕಿತ್ತು, ಅರ್ಧ ಸಂಬಳಕ್ಕೆ ನಿಲ್ಲುತ್ತಿತ್ತು. ಮರ್ಯಾದೆ ಉಳಿಸೋಣ ಅಂತ ಸುಮ್ಮನಿದ್ದರು. ಅವನ ಆಟ ನಡೆದದ್ದು ಆ ಮೌನದ ಬಂಡವಾಳದ ಮೇಲೆ.

ಹಾಳೆಯಲ್ಲಿ ಬರೆದದ್ದು ಹೀಗೆ. ಸಹೋದ್ಯೋಗಿಗೆ 1 ಸಂಬಳ. ಮೊದಲ ಅರ್ಧ ತೀರಿದ ಮೇಲೆ ಮತ್ತೆ ತೆಗೆದುಕೊಂಡದ್ದು. ಪಕ್ಕದ ಮನೆಯವರಿಗೆ 1. ಗೆಳತಿಗೆ 3. ಕಾಲೇಜು ಗೆಳೆಯನಿಗೆ 4. ಗೆಳೆಯರದ್ದೇ 9. ಅವನ ಸ್ವಂತ ಹೆಸರಿನ ಬ್ಯಾಂಕ್ ಸಾಲ 6, ಕ್ರೆಡಿಟ್ ಕಾರ್ಡ್ 1. ಒಟ್ಟು 16.

‘ಇಷ್ಟೇನಾ?’ ಅಂತ ಕೇಳಿದೆ. ಇಷ್ಟೇ ಅಂದ. ತಾಯಿಯ ಮೇಲೆ ಆಣೆಯನ್ನೂ ಇಟ್ಟ.

ಮೊದಲ ಪಟ್ಟಿಯನ್ನು ನಾನು ಯಾವತ್ತೂ ಪೂರ್ತಿ ನಂಬುವುದಿಲ್ಲ. ಕೆಲಸದಲ್ಲಿ ಕಂಡುಕೊಂಡದ್ದು ಅದು. ಬಿಟ್ಟುಹೋದ ಸಾಲ ಸಾಮಾನ್ಯವಾಗಿ ಸಣ್ಣದಲ್ಲ, ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಸಾಲವೇ ಆಗಿರುತ್ತದೆ. ಇಲ್ಲೂ ಹಾಗೇ ಆಯಿತು. ಒಂದು ವಾರದ ಮೇಲೆ ಹೆಂಡತಿಗೆ ಹೇಳಿದ: ಬಡ್ಡಿಗೆ ಕೊಡುವ ಒಬ್ಬ ಖಾಸಗಿ ವ್ಯಕ್ತಿಯಿಂದ 2 ಸಂಬಳ, ತಿಂಗಳಿಗೆ ಶೇಕಡಾ 10 ಬಡ್ಡಿ. ಅಸಲು ಹಾಗೇ ಇದ್ದು, ಬಡ್ಡಿಗೆಂದೇ ಪ್ರತಿ ತಿಂಗಳು ಸಂಬಳದ ಐದನೇ ಒಂದು ಭಾಗ ಹೋಗುತ್ತಿತ್ತು. ಇದನ್ನು ಯಾಕೆ ಮುಚ್ಚಿಟ್ಟೆ ಅಂದರೆ, ‘ಇದೊಂದನ್ನ ಗೆದ್ದು ತೀರಿಸೋಣ ಅಂತಿದ್ದೆ’ ಅಂದ. ಹಾಳೆಯಲ್ಲಿ ಬರೆಯದ ಸಾಲ ಅಂದರೆ ಮತ್ತೆ ಆಡೋಕೆ ಉಳಿಸಿಕೊಂಡ ನೆಪ. ಒಟ್ಟು 18 ಆಯಿತು.

ತೀರಿಸಿಬಿಡೋಣ್ವಾ?

ಎಲ್ಲರಿಗೂ ಬಂದ ಮೊದಲ ಯೋಚನೆ ಒಂದೇ. ಎಲ್ಲರೂ ಸೇರಿ ಕೈಲಾದಷ್ಟು ಹಾಕಿ ಒಂದೇ ಸಲ ಎಲ್ಲವನ್ನೂ ತೀರಿಸಿಬಿಟ್ಟರೆ? ಅವನು ಹೊಸದಾಗಿ ಶುರು ಮಾಡಬಹುದಲ್ವಾ?

ಇದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಉತ್ತರ ಇದೆ. ಧರ್ಮರಾಯ ಮೊದಲ ಜೂಜಿನಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತ. ಧೃತರಾಷ್ಟ್ರ ಎಲ್ಲವನ್ನೂ ವಾಪಸ್ ಕೊಟ್ಟು ಕಳಿಸಿದ. ಯಾವ ಷರತ್ತೂ ಇಲ್ಲ, ಸಾಲವೂ ಇಲ್ಲ. ಊರು ಮುಟ್ಟುವ ಮೊದಲೇ ಮತ್ತೆ ಕರೆ ಬಂತು. ಹೋದ, ಆಡಿದ, 12 ವರ್ಷ ಕಾಡಿಗೆ ನಡೆದ. ನಾವು ಇದನ್ನು ಶಕುನಿಯ ಮೋಸದ ಕಥೆ ಅಂತ ಓದುತ್ತೇವೆ. ಸಾಲ ಮನ್ನಾದ ಕಥೆ ಅಂತಲೂ ಓದಬಹುದು.

ಅಮೆರಿಕದ ಮನೋವೈದ್ಯರ ಸಂಘ ಜೂಜಿನ ಚಟವನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ. 2013ರ ಆವೃತ್ತಿಯಲ್ಲಿ ಅದನ್ನು ಕುಡಿತ, ಮಾದಕವಸ್ತುಗಳ ಸಾಲಿಗೇ ತಂದಿತು. ಅಲ್ಲಿ ಕೊಟ್ಟಿರುವ ಲಕ್ಷಣ 9. ಒಂದು ವರ್ಷದೊಳಗೆ 4 ಕಂಡರೂ ರೋಗ ಅನ್ನುತ್ತಾರೆ. ಕಳೆದದ್ದನ್ನು ಮರುದಿನ ಮತ್ತೆ ಹೋಗಿ ಗೆಲ್ಲಲು ನೋಡುವುದು ಒಂದು, ಎಷ್ಟು ಆಡುತ್ತೇನೆ ಅಂತ ಸುಳ್ಳು ಹೇಳುವುದು ಇನ್ನೊಂದು. ಕೊನೆಯದನ್ನು ನಾಲ್ವರಿಗೂ ಓದಿ ಹೇಳಿದೆ: ಜೂಜಿನಿಂದ ಕೈ ಖಾಲಿಯಾದಾಗ ಪಾರಾಗಲು ಬೇರೆಯವರ ಹಣವನ್ನು ನೆಚ್ಚುವುದು. ಅಂದರೆ ಅವರು ಕೊಟ್ಟ ಕೈಗಡ ಈ ರೋಗದ ಆಚೆ ನಿಂತು ಮಾಡಿದ ಸಹಾಯ ಅಲ್ಲ, ರೋಗದ ಲಕ್ಷಣಗಳಲ್ಲೇ ಒಂದು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲೂ ಜೂಜಿನ ಚಟ ಇದೆ.

‘ಹಾಗಾದ್ರೆ ನಾವು ಕೊಟ್ಟಿದ್ದೇ ತಪ್ಪಾ?’ ಅಂತ ಕಾಲೇಜು ಗೆಳೆಯ ಕೇಳಿದ. ಉತ್ತರ ಕೊಟ್ಟದ್ದು ಹೆಂಡತಿ. ‘ತಪ್ಪು ಅಂತ ಅಲ್ಲ. ನೀವು ಕೊಡ್ತಾ ಹೋದ್ರಿ, ಅವರು ಆಡ್ತಾ ಹೋದ್ರು. ಯಾರಾದ್ರೂ ಒಬ್ರು ನನಗೊಂದು ಫೋನ್ ಮಾಡ್ಬಹುದಿತ್ತು ಅಷ್ಟೇ.’

ಒಟ್ಟಿಗೆ ತೀರಿಸುವ ಯೋಚನೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಬಡ್ಡಿ ಸಾಲದ ವಿಷಯದಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯ ಬಂತು. ಗೆಳತಿಯ ವಾದ ಗಟ್ಟಿಯಾಗಿತ್ತು: ಮುಚ್ಚಿಟ್ಟ ಸಾಲವನ್ನು ನಾವು ತೀರಿಸಿದರೆ, ಮುಚ್ಚಿಟ್ಟದ್ದಕ್ಕೇ ಬಹುಮಾನ ಕೊಟ್ಟ ಹಾಗೆ. ಕಾಲೇಜು ಗೆಳೆಯನದು ಸೀದಾ ಲೆಕ್ಕ: ತಿಂಗಳಿಗೆ ಶೇಕಡಾ 10 ಬಡ್ಡಿ ಓಡುತ್ತಿರುವಾಗ ಬೇರೆ ಯಾರ ಸಾಲವೂ ತೀರುವುದಿಲ್ಲ, ನಮ್ಮದೂ ಸೇರಿ. ಅದೂ ಅಲ್ಲದೆ ಆ ಮನುಷ್ಯ ಮನೆ ಬಾಗಿಲಿಗೆ ಬರತೊಡಗಿದ್ದ. ಹೆಂಡತಿ ಮಕ್ಕಳು ಇರುವ ಮನೆ.

ನನಗೆ ಇಬ್ಬರದೂ ಸರಿ ಅನಿಸಿತು. ಕೊನೆಗೆ ಲೆಕ್ಕವೇ ಗೆದ್ದಿತು, ಗೆಳತಿಯ ಮಾತಿಗೂ ಜಾಗ ಕೊಟ್ಟೆವು. ಮೊದಲು ಅವನು ತನ್ನ ಬೈಕ್ ಮಾರಬೇಕು ಅಂದೆವು. 0.8 ಸಂಬಳದಷ್ಟು ಬಂತು. ಉಳಿದ 1.2 ಸಂಬಳವನ್ನು ಕಾಲೇಜು ಗೆಳೆಯ ಹೆಂಡತಿಯ ಎದುರು ಬಡ್ಡಿಯವನ ಕೈಗೇ ಕೊಟ್ಟ. ಬರೆದುಕೊಟ್ಟಿದ್ದ ಪತ್ರ, ಖಾಲಿ ಚೆಕ್ಕು ಎರಡನ್ನೂ ವಾಪಸ್ ಪಡೆದ. ಚೆಕ್ಕನ್ನು ಮರೆತು ಬರುವವರೇ ಜಾಸ್ತಿ, ಆಮೇಲೆ ಅದು ಬೇರೆ ತಲೆನೋವು. ಈ 1.2 ಕೂಡ ಎಲ್ಲರೆದುರು ಹಾಳೆಗೆ ಹತ್ತಿತು. ಹಣ ಅವನ ಕೈ ದಾಟಿ ಹೋಗಲಿಲ್ಲ ಅನ್ನುವುದೇ ಹಿಂದಿನ ಸಾಲಗಳಿಗೂ ಇದಕ್ಕೂ ಇರುವ ವ್ಯತ್ಯಾಸ.

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತ ಪಕ್ಕದ ಮನೆಯವರು ಅವತ್ತು ಎರಡು ಮೂರು ಸಲ ಗೊಣಗಿದರು. ಗಾದೆಯ ಮೊದಲರ್ಧ ಸರಿಯಿರಬಹುದು. ಎದುರಿಗೆ ತಲೆ ತಗ್ಗಿಸಿ ಕೂತಿದ್ದವನನ್ನು ನೋಡಿದರೆ ಎರಡನೆಯದು ಸರಿಹೊಂದುವ ಹಾಗಿರಲಿಲ್ಲ.

ಸತ್ತು ಹೋಗ್ತೀನಿ ಅಂದಾಗ

ಇದನ್ನು ಬಿಟ್ಟು ಬರೆದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಪಟ್ಟಿ ಮಾಡುವುದಕ್ಕೆ ಒಂದು ತಿಂಗಳ ಹಿಂದೆ, ಗೆಳತಿ ‘ಇನ್ನು ನನ್ನಿಂದ ಆಗಲ್ಲ’ ಅಂದ ರಾತ್ರಿ, ಅವನು ಬರೆದಿದ್ದ: ‘ಹಾಗಾದ್ರೆ ನನಗೆ ಉಳಿದಿರೋದು ಒಂದೇ ದಾರಿ.’ ಅವಳು ಹೆದರಿ ತನ್ನ ಖಾತೆಯಲ್ಲಿದ್ದ ಅಷ್ಟಿಷ್ಟನ್ನೂ ಹಾಕಿದಳು. ಅದನ್ನೂ ಆಡಿದ.

ಇದು ಬೆದರಿಕೆಯಾ, ನಿಜವಾ ಅಂತ ಅವಳು ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂರಬಾರದು ಅನ್ನುವುದು ನನ್ನ ಅಭಿಪ್ರಾಯ. ಜೂಜಿನ ಚಟ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಬಹಳ ಹೆಚ್ಚು, ಅದರಲ್ಲೂ ಸಾಲ ಬಯಲಾಗುವ ದಿನಗಳಲ್ಲಿ. ಹಾಗಾಗಿ ಅಂಥ ಮಾತು ಬಂದರೆ ನಿಜ ಅಂತಲೇ ತಿಳಿಯಬೇಕು. ಆದರೆ ಅದಕ್ಕೆ ಉತ್ತರ ಹಣ ಅಲ್ಲ. ‘ಸಾಯಬೇಕು ಅಂತ ಯೋಚನೆ ಮಾಡ್ತಿದ್ದೀಯಾ?’ ಅಂತ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಒಬ್ಬನೇ ಇರಲು ಬಿಡಬಾರದು, ಮನೆಯವರಿಗೆ ತಿಳಿಸಬೇಕು, ಅವತ್ತೇ ಸಹಾಯವಾಣಿಗೋ ಆಸ್ಪತ್ರೆಗೋ ಮುಟ್ಟಿಸಬೇಕು. ರಾತ್ರಿ ಹಣ ಹಾಕಿ ಫೋನ್ ಇಡುವುದಕ್ಕಿಂತ ಇದು ಕಷ್ಟದ ಕೆಲಸ. ಇಡೀ ರಾತ್ರಿ ಹೋಗುತ್ತದೆ.

ಎಲ್ಲ ಬಯಲಾದ ಮೇಲಿನ ಮೊದಲ ಎರಡು ವಾರ ನಾಲ್ವರೂ ಸರದಿ ಹಾಕಿಕೊಂಡು ಅವನ ಜೊತೆ ಇದ್ದರು. ಸಿಟ್ಟು ಆರಿರಲಿಲ್ಲ, ಆದರೂ ಇದ್ದರು. ಆ ವಾರಗಳಲ್ಲೇ ಮನೋವೈದ್ಯರನ್ನು ನೋಡಿದ್ದಾಯಿತು. ಆಡಬೇಕು ಅನ್ನುವ ಯೋಚನೆ ಬಂದಾಗ ಅದನ್ನು ಹಿಡಿದು ಪ್ರಶ್ನಿಸುವುದನ್ನು ಕಲಿಸುವ ಮಾತಿನ ಚಿಕಿತ್ಸೆ ಈಗಲೂ ನಡೆಯುತ್ತಿದೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ, ಜೂಜು ಬಿಡಬೇಕು ಅನ್ನುವವರೇ ಸೇರಿ ನಡೆಸುವ ಗ್ಯಾಂಬ್ಲರ್ಸ್ ಅನಾನಿಮಸ್‌ನ ಸಭೆಗೂ ಆನ್‌ಲೈನ್‌ನಲ್ಲಿ ಕೂರುತ್ತಾನೆ. ನಾವು ಹಾಳೆ ಹಿಡಿದು ಮಾಡಿದ್ದನ್ನು ಅವರೂ ಮಾಡುತ್ತಾರಂತೆ: ಹಳೆಯ ಸದಸ್ಯರು ಆಡಿದವನನ್ನೂ ಅವನ ಹೆಂಡತಿಯನ್ನೂ ಎದುರು ಕೂರಿಸಿಕೊಂಡು ಎಲ್ಲ ಸಾಲವನ್ನೂ ಬರೆಸಿ, ತೀರಿಸುವ ದಾರಿ ಹಾಕಿಕೊಡುತ್ತಾರೆ. ಅವನ ಹೆಂಡತಿ ಅದರ ಜೊತೆಗಿರುವ ಕುಟುಂಬದವರ ಗುಂಪಿಗೆ ಎರಡು ಸಲ ಹೋದಳು, ತನಗೆ ಸರಿಬರಲಿಲ್ಲ ಅಂತ ಬಿಟ್ಟಳು.

ಯಾರಿಗೆ ಮೊದಲು

ತಿಂಗಳ ಖರ್ಚು ತೆಗೆದರೆ ಅವನ ಸಂಬಳದಲ್ಲಿ 0.45 ಉಳಿಯುತ್ತದೆ. ಬ್ಯಾಂಕ್ ಕಂತು 0.2, ಕಾರ್ಡಿಗೆ 0.1. ಉಳಿದ 0.15 ಗೆಳೆಯರಿಗೆ.

ಸಮ ಹಂಚಿಕೆ ಮಾಡೋಣ ಅಂದ ಸಹೋದ್ಯೋಗಿ. ಕೇಳಲು ನ್ಯಾಯ ಅನಿಸುತ್ತದೆ. ಆದರೆ ಗೆಳತಿ ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟಬೇಕು, ಉಳಿದವರು ಕಟ್ಟಬೇಕಿಲ್ಲ. ಅವಳ ಕಂತು 0.1. ಅದು ತಪ್ಪಿದರೆ ಹಾಳಾಗುವುದು ಅವಳ ಹೆಸರು. ಹಾಗಾಗಿ 0.1 ಅವಳ ಸಾಲದ ಖಾತೆಗೇ ನೇರ ಹೋಗಬೇಕು ಅಂದೆ. ಉಳಿದ 0.05ರಲ್ಲಿ ಮೂವರಿಗೆ. ಆ ಮೂವರಿಗೆ ಬರಬೇಕಾದದ್ದು 7.2 ಸಂಬಳ. ಈ ವೇಗದಲ್ಲಿ 12 ವರ್ಷ ಬೇಕು.

12 ವರ್ಷ ಅಂದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಅವನನ್ನೂ ಸೇರಿಸಿ. ವನವಾಸದ ಲೆಕ್ಕಕ್ಕೆ ಸರಿಯಾಯಿತು ಅಂದಳು ಗೆಳತಿ.

ನಿಜಕ್ಕೂ ಅಷ್ಟು ಹಿಡಿಯುವುದಿಲ್ಲ. ಕಾರ್ಡಿನ ಸಾಲ ಸುಮಾರು ಒಂದು ವರ್ಷಕ್ಕೆ ಮುಗಿಯುತ್ತದೆ, ಆ 0.1 ಮೂವರ ಕಡೆ ತಿರುಗುತ್ತದೆ. ಮೂರು ವರ್ಷಕ್ಕೆ ಎರಡೂ ಬ್ಯಾಂಕ್ ಕಂತು ಮುಗಿದು ಪೂರ್ತಿ 0.45 ಸಿಗುತ್ತದೆ. ಎಲ್ಲ ಸರಿಯಾಗಿ ನಡೆದರೆ ಮೂರೂವರೆ ವರ್ಷ ದಾಟಿದ ಮೇಲೆ ಪೂರ್ತಿ ಚುಕ್ತಾ. ಸಣ್ಣದಾದರೂ ಪ್ರತಿ ತಿಂಗಳು ಪ್ರತಿಯೊಬ್ಬರಿಗೂ ಹೋಗಲೇಬೇಕು ಅಂತ ಹಟ ಹಿಡಿದದ್ದು ನಾನು. ನಾಲ್ವರಿಗೂ ತಿಂಗಳಿಗೊಂದು ಸಂದೇಶ ಹೋಗುತ್ತದೆ, ಅದರಲ್ಲಿ ಎಲ್ಲರ ಬಾಕಿಯೂ ಇರುತ್ತದೆ. ಯಾರದೂ ಗುಟ್ಟಲ್ಲ.

ಸಂಬಳ ಈಗ ಹೆಂಡತಿಯೂ ನೋಡಬಹುದಾದ ಜಂಟಿ ಖಾತೆಗೆ ಬರುತ್ತದೆ. ವಾರಕ್ಕೊಮ್ಮೆ ಖರ್ಚಿಗೆ ಒಂದಿಷ್ಟು ಅವನ ಕೈಗೆ. ಆಟದ ಖಾತೆಗಳನ್ನು ಶಾಶ್ವತವಾಗಿ ಮುಚ್ಚಲು ಅವನೇ ಅರ್ಜಿ ಕೊಟ್ಟ. ಜೂಜಿನ ಪಾವತಿ ತಡೆಯುವ ಸೌಲಭ್ಯ ಬ್ಯಾಂಕಿನಲ್ಲಿತ್ತು, ಅದನ್ನೂ ಹಾಕಿಸಿದ. ಇದೆಲ್ಲ ಅವನ ಒಪ್ಪಿಗೆಯಿಂದಲೇ ಆದದ್ದು. ದೊಡ್ಡವನೊಬ್ಬನ ಸಂಬಳವನ್ನು ಗೆಳೆಯರು ಕಿತ್ತುಕೊಳ್ಳೋಕಾಗಲ್ಲ, ಕಿತ್ತುಕೊಳ್ಳಲೂಬಾರದು.

ಆಮೇಲೆ

ಏಳನೇ ತಿಂಗಳಿನಲ್ಲಿ ಕಾಲೇಜು ಗೆಳೆಯನಿಗೆ ಒಂದು ಫೋನ್ ಬಂತು. ಸ್ಕೂಲಿನಲ್ಲಿ ಜೊತೆಗೆ ಓದಿದ ಒಬ್ಬ. ‘ಅವನ ತಾಯಿ ಈಗ ಹೇಗಿದ್ದಾರೆ?’ ಅಂತ ಕಾಳಜಿಯಿಂದ ಕೇಳಿದ. ಕೇಳಿದ ಕೂಡಲೇ ಕಾಲೇಜು ಗೆಳೆಯನಿಗೆ ಗೊತ್ತಾಯಿತು. 0.2 ಸಂಬಳ, ಹದಿನೈದು ದಿನದ ಹಿಂದೆ, ಅದೇ ಆಪರೇಷನ್ ಕಥೆ.

ಅವನು ಅಲ್ಲಗಳೆಯಲಿಲ್ಲ. ಆಡಿದ್ದೆ, ಹೋಯಿತು ಅಂದ. ಇಂಥ ಮರುಕಳಿಕೆ ಈ ಚಟದಲ್ಲಿ ಸಾಮಾನ್ಯ ಅಂತ ವೈದ್ಯರು ಮೊದಲೇ ಹೇಳಿದ್ದರು. ಹಾಗಂತ ಸಹೋದ್ಯೋಗಿಗೆ ಸಮಾಧಾನವಾಗಲಿಲ್ಲ. ತನ್ನ ಬಾಕಿ ಬಿಟ್ಟುಕೊಟ್ಟು ಸಂಬಂಧವನ್ನೂ ಬಿಟ್ಟ. ನಾನು ಅವನನ್ನು ದೂರುವುದಿಲ್ಲ. ಎಲ್ಲರೂ ಕೊನೆಯವರೆಗೆ ನಿಲ್ಲಲೇಬೇಕು ಅಂತ ಎಲ್ಲೂ ಬರೆದಿಲ್ಲ. ಅವನ 1 ಸಂಬಳವನ್ನು ಹಾಳೆಯಿಂದ ಹೊಡೆದುಹಾಕಲು ಮಾತ್ರ ನಾನು ಒಪ್ಪಲಿಲ್ಲ, ಅದರ ಪಾಲು ಪ್ರತಿ ತಿಂಗಳು ಅವನ ಖಾತೆಗೆ ಹೋಗುತ್ತಿದೆ.

ಮುಂದೇನು ಅಂತ ಕೂತಾಗ ಮೆಸೇಜಿನ ಯೋಚನೆ ಕೊಟ್ಟದ್ದು ಗೆಳತಿ. ಬರೆದದ್ದು ಅವನೇ. ಮೂರು ದಿನ ತೆಗೆದುಕೊಂಡ. ಫೋನಿನಲ್ಲಿ ಹೆಸರಿದ್ದ ಬಂಧು ಬಳಗ, ಗೆಳೆಯರು ಎಲ್ಲರಿಗೂ ಕಳಿಸಿದ:

‘ನಾನು ಜೂಜಾಡಿ ಸಾಲ ಮಾಡಿಕೊಂಡಿದ್ದೇನೆ. ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ನಾನು ಯಾವ ಕಾರಣ ಹೇಳಿ ಹಣ ಕೇಳಿದರೂ ದಯವಿಟ್ಟು ಕೊಡಬೇಡಿ. ಕೇಳಿದರೆ ನನ್ನ ಹೆಂಡತಿಗೆ ಫೋನ್ ಮಾಡಿ ತಿಳಿಸಿ.’

ಕೆಳಗೆ ಅವಳ ನಂಬರ್ ಇತ್ತು. ಕಳಿಸುವ ಮುಂಚೆ ಅವಳನ್ನು ಕೇಳಿಯೇ ಹಾಕಿದ್ದ.

ಕೆಲವರು ಹಾರೈಸಿದರು. ಕೆಲವರು ಸುಮ್ಮನಾದರು. ಅವಳ ಫೋನಿಗೆ ಬಂದ ಕರೆಗಳಲ್ಲಿ ಇಬ್ಬರು ತಡವರಿಸುತ್ತಾ, ಹೇಳೋದೋ ಬೇಡವೋ ಅಂತಿದ್ವಿ, ನಮ್ಮ ಹತ್ತಿರಾನೂ ಒಂದಿಷ್ಟು ಇಸ್ಕೊಂಡಿದ್ದಾರೆ ಅಂದರು. ಎರಡೂ ಸೇರಿ 0.7 ಸಂಬಳ. ಒಂದು ಅವನಿಗೆ ನೆನಪಿತ್ತು, ಇನ್ನೊಂದು ನಿಜಕ್ಕೂ ಮರೆತೇಹೋಗಿತ್ತು ಅನ್ನುತ್ತಾನೆ. ಎರಡನ್ನೂ ಹಾಳೆಗೆ ಸೇರಿಸಿದ್ದೇವೆ. ಆ ಇಬ್ಬರಿಗೂ ಮುಂದಿನ ತಿಂಗಳಿನಿಂದ ಕಂತು ಶುರು.